ರೀಫ್ ಟ್ಯಾಂಕಿನ ಉಪ್ಪು ಬದಲಿಸುವುದು: ಲೋಳೆ, ಪಾಚಿ ಏಳದಂತೆ ಹಂತ ಹಂತವಾಗಿ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲೆ ಶಿರಸಿಯಲ್ಲೂ, ಮನೆಯಲ್ಲಿ ಹವಳದ ಟ್ಯಾಂಕ್ ಇಟ್ಟವರ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಟ್ಯಾಂಕಿಗೆ ಸಮುದ್ರದಂಥ ನೀರು ಕಲಸುವ ಎಂದಿನ ಬ್ರಾಂಡಿನ ಉಪ್ಪು ಸಿಗಲಿಲ್ಲ, ಬೇರೆಯದು ತರಿಸಿದೆ, ಕೆಲವೇ ದಿನಗಳಲ್ಲಿ ಮರಳಿನ ಮೇಲೆಲ್ಲ ಕಂದು ಲೋಳೆ ಎದ್ದಿತು, ಹೊಸ ಉಪ್ಪೇ ಕೆಟ್ಟದ್ದಿರಬೇಕು. ಉಪ್ಪು ನಿಜಕ್ಕೂ ಕೆಟ್ಟಿರುವುದು ಅಪರೂಪ. ಅದೇ ದಿನ ಇನ್ನೇನು ಮಾಡಿದಿರಿ ಎಂದು ಕೇಳಿದರೆ ಕಾರಣ ಹೊರಬೀಳುತ್ತದೆ: ಅರ್ಧ ಟ್ಯಾಂಕ್ ನೀರು ತೆಗೆದಿದ್ದಾರೆ, ಮರಳು ಕೆದಕಿ ತೊಳೆದಿದ್ದಾರೆ, ಫಾಸ್ಫೇಟ್ ಹೀರುವ ಮೀಡಿಯಾ (ಸೋಸುವ ವಸ್ತು) ಹೊಸದು ಹಾಕಿದ್ದಾರೆ. ಲೋಳೆ ಕಂಡೊಡನೆ ಹೆದರಿ ಮತ್ತೊಮ್ಮೆ ನೀರು ಬದಲಿಸಿದ್ದಾರೆ. ಎಷ್ಟೋ ಟ್ಯಾಂಕುಗಳಲ್ಲಿ ಲೋಳೆಯನ್ನು ಬೆಳೆಸುವುದು ಆ ಕೊನೆಯ ಕೆಲಸವೇ.

ಹಾಗಾಗಿ ಶುರುವಿಗೇ ಒಂದು ಕಟ್ಟುಪಾಡು: ಉಪ್ಪು ಬದಲಾಗುವ ಎರಡು ತಿಂಗಳು ಬೇರೆ ಏನನ್ನೂ ಬದಲಿಸಬೇಡಿ. ಲೈಟಿನ ಸಮಯ, ಮೀನಿನ ಆಹಾರ, ಸ್ಕಿಮ್ಮರ್ (ನೊರೆ ಎಬ್ಬಿಸಿ ಕಸ ತೆಗೆಯುವ ಯಂತ್ರ), ಮೀಡಿಯಾ ಎಲ್ಲವೂ ಇದ್ದ ಹಾಗೇ ಇರಲಿ. ಹೊಸ ಮೀನು, ಹೊಸ ಹವಳ ಬೇಡ.

ಬೇಕಾದ ಸಾಮಾನು

ನೀರಿನ ಲವಣಾಂಶ ಅಳೆಯುವ ರಿಫ್ರಾಕ್ಟೋಮೀಟರ್ ಮತ್ತು ಅದನ್ನು ಸರಿಹೊಂದಿಸಲು 35 ಪಿಪಿಟಿ (ಸಾವಿರಕ್ಕೆ 35 ಭಾಗ) ದ್ರಾವಣ. ಆಲ್ಕಲಿನಿಟಿ (ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ), ಕ್ಯಾಲ್ಸಿಯಂ, ಮೆಗ್ನೀಸಿಯಂ, ನೈಟ್ರೇಟ್, ಫಾಸ್ಫೇಟ್ ಟೆಸ್ಟ್ ಕಿಟ್‌ಗಳು. ನೀರಿನಲ್ಲಿ ಕರಗಿದ ವಸ್ತು ಎಷ್ಟೆಂದು ತೋರಿಸುವ ಟಿಡಿಎಸ್ ಮೀಟರ್. ಉಪ್ಪು ಕಲಸಲೆಂದೇ ಇಟ್ಟ ಡ್ರಮ್, ಅದಕ್ಕೊಂದು ಪಂಪ್, ಒಂದು ಹೀಟರ್. ಅಕ್ಕಸಾಲಿಗರು ಬಳಸುವಂಥ, ಗ್ರಾಮಿನ ಹತ್ತನೇ ಒಂದು ಭಾಗ ತೋರಿಸುವ ಪುಟ್ಟ ತಕ್ಕಡಿ. ಒಂದು ನೋಟ್‌ಬುಕ್.

ದುಡ್ಡು ಸಾಲದಿದ್ದರೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಿಟ್ ಆಮೇಲೆ ಕೊಳ್ಳಬಹುದು. ಆಲ್ಕಲಿನಿಟಿ ಮತ್ತು ಫಾಸ್ಫೇಟ್ ಕಿಟ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಹಂತ 1: ಟ್ಯಾಂಕ್ ಈಗ ಹೇಗಿದೆ, ಬರೆದಿಡಿ

ಹೊಸ ಉಪ್ಪಿನ ಚೀಲ ಬಿಚ್ಚುವ ಮೊದಲೇ ಒಂದು ವಾರ ಅಳತೆ ತೆಗೆಯಿರಿ. ಆಲ್ಕಲಿನಿಟಿಯನ್ನು ದಿನ ಬಿಟ್ಟು ದಿನ, ಒಂದೇ ಹೊತ್ತಿಗೆ. ನೈಟ್ರೇಟ್, ಫಾಸ್ಫೇಟ್ ವಾರದಲ್ಲಿ ಎರಡು ಸಲ. ಸಮುದ್ರದ ನೀರಿನಲ್ಲಿ ಲವಣಾಂಶ ಸುಮಾರು 35 ಪಿಪಿಟಿ, ಆಲ್ಕಲಿನಿಟಿ 7 ಡಿಕೆಹೆಚ್ (ಆಲ್ಕಲಿನಿಟಿಯ ಅಳತೆ) ಆಸುಪಾಸು, ಕ್ಯಾಲ್ಸಿಯಂ 410–420 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಭಾಗ), ಮೆಗ್ನೀಸಿಯಂ 1,300ರ ಹತ್ತಿರ. ನಿಮ್ಮ ಟ್ಯಾಂಕ್ ಇದಕ್ಕೆ ಸರಿಯಾಗಿ ಹೊಂದಲೇಬೇಕೆಂದಿಲ್ಲ. ಎಲ್ಲಿದೆಯೋ ಅಲ್ಲಿ ನಿಂತಿರಬೇಕು.

ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ತೋರಿಸುತ್ತಿದ್ದರೆ ಖುಷಿಪಡಬೇಡಿ, ಅಲ್ಲೇ ನಿಲ್ಲಿ. ಅಂಥ ಟ್ಯಾಂಕ್ ಡೈನೋಫ್ಲಾಜೆಲೇಟ್ (ಕಂದು ಲೋಳೆ ಕಟ್ಟುವ ಏಕಕೋಶ ಜೀವಿ, ಚಿಕ್ಕದಾಗಿ ಡೈನೋ) ಏಳಲು ಹದವಾಗಿರುತ್ತದೆ. ಮೊದಲು ಆಹಾರ ಸ್ವಲ್ಪ ಹೆಚ್ಚಿಸಿ, ಫಾಸ್ಫೇಟ್ ಮೀಡಿಯಾ ತೆಗೆದು, ನೈಟ್ರೇಟ್ 5 ಪಿಪಿಎಂ, ಫಾಸ್ಫೇಟ್ 0.05 ಪಿಪಿಎಂ ಆಸುಪಾಸಿಗೆ ತನ್ನಿ. ಉಪ್ಪಿನ ವಿಷಯ ಆಮೇಲೆ.

ಕಾಲವನ್ನೂ ನೋಡಿಕೊಳ್ಳಿ. ಸಾಧ್ಯವಾದರೆ ಅಕ್ಟೋಬರ್ ನಂತರ ಶುರು ಮಾಡಿ. ನಮ್ಮ ಕರಾವಳಿಯ ಮಳೆಗಾಲದಲ್ಲಿ ಗಾಳಿ ತೇವದಿಂದ ತುಂಬಿರುತ್ತದೆ, ಟ್ಯಾಂಕಿನ ನೀರು ಆರುವುದು ಕಡಿಮೆ. ಆರಿದ ನೀರಿಗೆ ಬದಲಾಗಿ ಸುಣ್ಣದ ತಿಳಿನೀರು ಹಾಕುವವರ ಟ್ಯಾಂಕಿನಲ್ಲಿ, ಆರುವುದು ತಗ್ಗಿದರೆ ಸುಣ್ಣವೂ ತಗ್ಗುತ್ತದೆ, ಆಲ್ಕಲಿನಿಟಿ ಸದ್ದಿಲ್ಲದೆ ಇಳಿಯುತ್ತದೆ. ಕಿಟಕಿ ಮುಚ್ಚಿರುವುದರಿಂದ ಕೋಣೆಯಲ್ಲಿ ಇಂಗಾಲದ ಡೈಆಕ್ಸೈಡ್ ಸೇರಿ ಪಿಹೆಚ್ ಕೂಡ ಕೆಳಗಿರುತ್ತದೆ. ಜುಲೈನಲ್ಲಿ ಉಪ್ಪು ಬದಲಿಸಿದರೆ ಈ ಎಲ್ಲ ಇಳಿತದ ಅಪವಾದ ಉಪ್ಪಿನ ತಲೆಗೆ ಬರುತ್ತದೆ. ಕರೆಂಟ್ ಗಂಟೆಗಟ್ಟಲೆ ಹೋಗುವ ದಿನಗಳೂ ಅವೇ.

ಹಂತ 2: ನೀರನ್ನು ಮೊದಲು ಪರೀಕ್ಷಿಸಿ

ಉಪ್ಪಿಗೆ ಬಂದ ಬೈಗುಳದಲ್ಲಿ ಅರ್ಧ ನೀರಿಗೆ ಸಲ್ಲಬೇಕಾದದ್ದು. ಚಿರೇಕಲ್ಲಿನ ನೆಲದ ಬಾವಿ ನೀರು ಕುಡಿಯಲು ಚೆನ್ನಾಗಿರುತ್ತದೆ, ಟಿಡಿಎಸ್ ಕಡಿಮೆಯೇ ಇರುತ್ತದೆ. ಆದರೆ ಕಬ್ಬಿಣ, ಸಿಲಿಕಾ ಬಂದಿರಬಹುದು. ನೀರಿನಲ್ಲಿ ಕರಗಿದ ಇಂಗಾಲದ ಡೈಆಕ್ಸೈಡ್ ಡಿಐ ರೆಸಿನ್ನನ್ನು (ಆರ್‌ಒ ನಂತರ ನೀರಿನಲ್ಲಿ ಉಳಿದ ಲವಣಗಳನ್ನು ಹಿಡಿಯುವ ಮಣಿಗಳು) ಬೇಗ ತಿಂದುಹಾಕುತ್ತದೆ. ಅಡುಗೆಮನೆಯ ಆರ್‌ಒ ಯಂತ್ರದ ನೀರು ಸಾಲದು. ಅದರಲ್ಲಿ ಡಿಐ ಹಂತ ಇರುವುದಿಲ್ಲ, ರುಚಿಗೆಂದು ಖನಿಜ ಮರಳಿ ಸೇರಿಸುವ ಯಂತ್ರಗಳೂ ಇವೆ.

ಡಿಐ ದಾಟಿದ ನೀರು ಟಿಡಿಎಸ್ ಮೀಟರಿನಲ್ಲಿ 0 ತೋರಿಸಬೇಕು. 1 ಅಥವಾ 2 ತೋರಿಸಿತೆಂದರೆ ರೆಸಿನ್ ಬದಲಿಸಿ, ಮುಂದೂಡಬೇಡಿ. ರೆಸಿನ್ ಸೋಲುವಾಗ ಮೊದಲು ಹೊರಬೀಳುವ ವಸ್ತುಗಳಲ್ಲಿ ಸಿಲಿಕಾವೂ ಒಂದು, ಅದನ್ನು ಟಿಡಿಎಸ್ ಮೀಟರ್ ಸರಿಯಾಗಿ ಹಿಡಿಯುವುದಿಲ್ಲ. ಗಾಜಿನ ಮೇಲೆ ಪದೇ ಪದೇ ಕಂದು ಪುಡಿ ಕೂರುತ್ತಿದ್ದರೆ ಮೀಟರ್ 0 ಎಂದರೂ ರೆಸಿನ್ ಮೇಲೆ ಅನುಮಾನ ಇರಲಿ.

ಎರಡು ಅಡ್ಡದಾರಿಗಳ ಬಗ್ಗೆ ಇಲ್ಲೇ ಹೇಳಬೇಕು, ಏಕೆಂದರೆ ನಮ್ಮ ಜಿಲ್ಲೆಯಲ್ಲಿ ಇವು ಸಹಜವಾಗಿ ಹೊಳೆಯುತ್ತವೆ.

ಒಂದು, ಮನೆ ಮುಂದೆಯೇ ಕಡಲಿದೆಯಲ್ಲ, ಅಲ್ಲಿಂದಲೇ ನೀರು ತಂದರೆ? ಕಾರವಾರದಲ್ಲಿ ಕಾಳಿ, ಅಂಕೋಲಾದಲ್ಲಿ ಗಂಗಾವಳಿ, ಕುಮಟಾದಲ್ಲಿ ಅಘನಾಶಿನಿ, ಹೊನ್ನಾವರದಲ್ಲಿ ಶರಾವತಿ: ಪ್ರತಿ ತಾಲ್ಲೂಕಿನಲ್ಲೂ ಒಂದು ಹೊಳೆ ಕಡಲು ಸೇರುತ್ತದೆ. ಮಳೆಗಾಲದಲ್ಲಿ ದಡದ ನೀರಿನ ಲವಣಾಂಶ ಕುಸಿಯುತ್ತದೆ, ಕೆಸರು, ಗೊಬ್ಬರದ ಅಂಶ ಬರುತ್ತದೆ. ಕೆಲವು ಸಲ ರಾತ್ರಿ ತೆರೆಗಳು ನೀಲಿಯಾಗಿ ಹೊಳೆಯುತ್ತವಲ್ಲ, ಆ ಬೆಳಕಿನ ನಾಕ್ಟಿಲ್ಯೂಕಾ ಕೂಡ ಡೈನೋಫ್ಲಾಜೆಲೇಟ್ ಗುಂಪಿನದೇ. ಬಂದರು, ಅಳಿವೆ, ದಡದ ನೀರು ಟ್ಯಾಂಕಿಗೆ ಬೇಡ.

ಇನ್ನೊಂದು, ಗೋಕರ್ಣದ ಬಳಿಯ ಸಾಣಿಕಟ್ಟಾ ಉಪ್ಪು. ಗಂಜಿಗೆ, ಉಪ್ಪಿನಕಾಯಿಗೆ ಅದಕ್ಕೆ ಸಮ ಇಲ್ಲ. ಆದರೆ ಉಪ್ಪಿನಾಗರದಲ್ಲಿ ನೀರು ಇಂಗುವಾಗ ಕ್ಯಾಲ್ಸಿಯಂ ಅಂಶ ಮೊದಲೇ ಜಿಪ್ಸಂ ಆಗಿ ಕೂರುತ್ತದೆ, ಆಮೇಲೆ ಸೋಡಿಯಂ ಕ್ಲೋರೈಡ್ ಹರಳುಗಟ್ಟುತ್ತದೆ, ಮೆಗ್ನೀಸಿಯಂ ಮತ್ತು ಪೊಟ್ಯಾಸಿಯಂ ಬಹುಪಾಲು ಉಳಿದ ಕಹಿ ನೀರಿನಲ್ಲೇ ಹೋಗುತ್ತವೆ. ಹರಳನ್ನು ಮತ್ತೆ ಕರಗಿಸಿದರೆ ಸಮುದ್ರದ ನೀರು ಬರುವುದಿಲ್ಲ, ಉಪ್ಪುನೀರು ಬರುತ್ತದೆ.

ಹಂತ 3: ಹೊಸ ಉಪ್ಪನ್ನು ಕಲಸಿ, ಅಳೆದು ನೋಡಿ

ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಕೆಲಸ ಶುರು ಮಾಡಬೇಡಿ. ಒಂದು ಡ್ರಮ್ ಕಲಸಿ, ಅದನ್ನೇ ಪರೀಕ್ಷಿಸಿ.

ಚೀಲ ಅಥವಾ ಬಕೆಟನ್ನು ಬಿಚ್ಚುವ ಮೊದಲು ಚೆನ್ನಾಗಿ ಉರುಳಿಸಿ. ಸಾಗಾಟದ ಕುಲುಕಾಟಕ್ಕೆ ಸಣ್ಣ ಪುಡಿ ಅಡಿಗೆ ಹೋಗಿ, ದಪ್ಪ ಹರಳು ಮೇಲೆ ಉಳಿದಿರುತ್ತದೆ. ನೀರನ್ನು 25 ಡಿಗ್ರಿಗೆ ತಂದು, ಪಂಪ್ ಓಡುತ್ತಿರುವಾಗ ಉಪ್ಪನ್ನು ನಿಧಾನ ಸುರಿಯಿರಿ. ನೀರಿಗೆ ಉಪ್ಪು ಹಾಕಬೇಕು, ಉಪ್ಪಿನ ಮೇಲೆ ನೀರು ಹೊಯ್ಯಬಾರದು. ಹಾಗೆ ಹೊಯ್ದರೆ ಸ್ವಲ್ಪ ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ದಟ್ಟವಾಗಿ ಸೇರಿ ಬಿಳಿ ಗಸಿಯಾಗಿ ಕೂರುತ್ತವೆ, ಮತ್ತೆ ಕರಗುವುದಿಲ್ಲ. ಲೀಟರಿಗೆ 36ರಿಂದ 40 ಗ್ರಾಂ ಹಿಡಿಯುತ್ತದೆ. ಕೊನೆಯ ಅಳತೆ ರಿಫ್ರಾಕ್ಟೋಮೀಟರಿನದು, ತಕ್ಕಡಿಯದಲ್ಲ. ತೇವ ಹೀರಿದ ಉಪ್ಪಿನ ತೂಕದಲ್ಲಿ ನೀರಿನ ತೂಕವೂ ಸೇರಿರುತ್ತದೆ.

ರಿಫ್ರಾಕ್ಟೋಮೀಟರನ್ನು ಬರೀ ಆರ್‌ಒ ನೀರಿನಲ್ಲಿ ಸೊನ್ನೆಗೆ ಕೂರಿಸಿ ಸುಮ್ಮನಾಗುವುದು ತೀರಾ ಸಾಮಾನ್ಯ ತಪ್ಪು. ಸೊನ್ನೆಯಲ್ಲಿ ಸರಿ ಇದ್ದದ್ದು 35ರಲ್ಲಿ ಎರಡು ಅಂಕಿ ತಪ್ಪಬಹುದು. 35 ಪಿಪಿಟಿ ದ್ರಾವಣದಲ್ಲೇ ಕೂರಿಸಿ. ಲವಣಾಂಶ ತಪ್ಪಿದರೆ ಆಲ್ಕಲಿನಿಟಿ, ಕ್ಯಾಲ್ಸಿಯಂ ಎಲ್ಲವೂ ಅದೇ ಪ್ರಮಾಣದಲ್ಲಿ ತಪ್ಪುತ್ತವೆ.

ನೀರು ತಿಳಿಯಾದ ಮೇಲೆ ಆಲ್ಕಲಿನಿಟಿ, ಕ್ಯಾಲ್ಸಿಯಂ, ಮೆಗ್ನೀಸಿಯಂ, ಜೊತೆಗೆ ಫಾಸ್ಫೇಟ್ ಅಳೆದು ಬರೆಯಿರಿ. ಆಲ್ಕಲಿನಿಟಿ ಹೆಚ್ಚಿರುವ ಉಪ್ಪಿನ ನೀರನ್ನು ದಿನಗಟ್ಟಲೆ ಬಿಸಿ ಮಾಡುತ್ತ ತಿರುಗಿಸಬೇಡಿ. ಹೀಟರಿನ ಮೇಲೆ ಬಿಳಿ ಪೊರೆ ಕಟ್ಟತೊಡಗಿದರೆ ಆಲ್ಕಲಿನಿಟಿ ಆಗಲೇ ಬಿದ್ದುಹೋಗಿರುತ್ತದೆ.

ಚೀಲ ಒಮ್ಮೆ ಬಿಚ್ಚಿದ ಮೇಲೆ ಗಾಳಿಯಾಡದ ಸಣ್ಣ ಡಬ್ಬಿಗಳಿಗೆ ಹಂಚಿಡಿ. ಉಪ್ಪಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕ್ಲೋರೈಡ್ ನಮ್ಮ ಮಳೆಗಾಲದ ಗಾಳಿಯಿಂದ ನೀರು ಹೀರಿ ಗಟ್ಟಿಯಾಗುತ್ತವೆ. ಕೈಯಲ್ಲಿ ಪುಡಿಯಾಗುವ ಗಂಟಾದರೆ ಚಿಂತೆಯಿಲ್ಲ. ಕಲ್ಲಿನಂತಾಗಿ, ಕಲಸಿದ ಮೇಲೂ ನೀರು ಹಾಲಿನಂತೆ ಉಳಿದರೆ ಆ ಚೀಲವನ್ನು ಬಳಸಬೇಡಿ.

ಹಂತ 4: ಅಂತರದ ಲೆಕ್ಕ

ಉಪ್ಪುಗಳ ನಡುವೆ ದೊಡ್ಡ ವ್ಯತ್ಯಾಸ ಆಲ್ಕಲಿನಿಟಿಯಲ್ಲಿ. ರೆಡ್ ಸೀ ಕಂಪನಿಯದೇ ಎರಡು ಉಪ್ಪು ನೋಡಿ: ಸಾಮಾನ್ಯದ್ದು ಸುಮಾರು 8 ಡಿಕೆಹೆಚ್, ಕೋರಲ್ ಪ್ರೋ ಸುಮಾರು 12. ಎರಡೂ ಒಳ್ಳೆಯ ಉಪ್ಪುಗಳೇ, ಆದರೆ ಒಂದರ ಜಾಗಕ್ಕೆ ಇನ್ನೊಂದನ್ನು ಕಣ್ಣುಮುಚ್ಚಿ ಸುರಿಯುವಂತಿಲ್ಲ.

ಹೊಸ ನೀರಿನ ಆಲ್ಕಲಿನಿಟಿಯಿಂದ ಟ್ಯಾಂಕಿನದನ್ನು ಕಳೆಯಿರಿ, ಬದಲಿಸುವ ನೀರಿನ ಪಾಲಿನಿಂದ ಗುಣಿಸಿ. ಟ್ಯಾಂಕ್ 8, ಹೊಸ ನೀರು 11.5 ಇದ್ದರೆ ಅಂತರ 3.5. 10% ಬದಲಿಸಿದರೆ 0.35 ಏರಿಕೆ, ಹವಳಕ್ಕೆ ಗೊತ್ತೂ ಆಗುವುದಿಲ್ಲ. 40% ಬದಲಿಸಿದರೆ ಒಂದೇ ಗಂಟೆಯಲ್ಲಿ 1.4 ಏರಿಕೆ. ದಿನಕ್ಕೆ 0.5 ಡಿಕೆಹೆಚ್ ಮೀರದಿದ್ದರೆ ನೆಮ್ಮದಿ, 1 ಎನ್ನುವುದು ಕಟ್ಟಕಡೆಯ ಗೆರೆ. ಪೋಷಕಾಂಶ ಕಡಿಮೆ ಇರುವ ಟ್ಯಾಂಕಿನಲ್ಲಿ ಆಲ್ಕಲಿನಿಟಿ ಜಿಗಿದರೆ ಅಕ್ರೊಪೋರಾದಂಥ ಹವಳಗಳ ತುದಿ ಬಿಳಿಯಾಗಿ ಸುಡುತ್ತದೆ.

ಹೊಸ ಉಪ್ಪಿನ ಆಲ್ಕಲಿನಿಟಿ ಕಡಿಮೆ ಇದ್ದರೆ ಸುಲಭ: ಕಲಸಿದ ನೀರಿಗೇ ಅಡುಗೆ ಸೋಡಾ ಸೇರಿಸಿ. 100 ಲೀಟರಿಗೆ 3 ಗ್ರಾಂ ಸೋಡಾ 1 ಡಿಕೆಹೆಚ್ ಏರಿಸುತ್ತದೆ. 20 ಲೀಟರಿಗೆ 2 ಡಿಕೆಹೆಚ್ ಬೇಕೆಂದರೆ 1.2 ಗ್ರಾಂ. ಶುದ್ಧ ಸೋಡಿಯಂ ಬೈಕಾರ್ಬೊನೇಟ್ ಇರಲಿ. ಬೇಕಿಂಗ್ ಪೌಡರ್ ಬೇರೆ ವಸ್ತು, ಅದರಲ್ಲಿ ಹಿಟ್ಟು, ಆಮ್ಲದ ಪುಡಿ ಬೆರೆತಿರುತ್ತವೆ.

ಹಂತ 5: ಬದಲಿಸುವ ಕ್ರಮ

ಹಳೆಯ ಉಪ್ಪು ಪೂರ್ತಿ ಮುಗಿಯುವವರೆಗೆ ಕಾಯಬೇಡಿ, ಕಾಲು ಡಬ್ಬಿ ಇರುವಾಗಲೇ ಹೊಸದನ್ನು ತರಿಸಿ. 200 ಲೀಟರ್ ಟ್ಯಾಂಕ್, ವಾರಕ್ಕೆ 20 ಲೀಟರ್ ಬದಲಿಸುತ್ತೀರಿ ಎಂದುಕೊಳ್ಳಿ. ಮೊದಲ ಎರಡು ವಾರ ಹಳೆ ಉಪ್ಪಿನ ನೀರು 15 ಲೀಟರ್, ಹೊಸದು 5. ಮುಂದಿನ ಎರಡು ವಾರ ಹತ್ತು-ಹತ್ತು. ಆಮೇಲಿನ ಎರಡು ವಾರ ಹಳೆಯದು 5, ಹೊಸದು 15. ಏಳನೇ ವಾರದಿಂದ ಪೂರ್ತಿ ಹೊಸದು. ಒಣ ಉಪ್ಪುಗಳನ್ನು ಬೆರೆಸಬೇಡಿ. ಬೇರೆ ಬೇರೆ ಕಲಸಿ, ತಿಳಿಯಾದ ನೀರನ್ನು ಸೇರಿಸಿ.

ಹಳೆಯದು ಆಗಲೇ ಖಾಲಿಯಾಗಿದ್ದರೆ ವಾರಕ್ಕೆ ಎರಡು ಸಲ 5% ಬದಲಿಸಿ. ಅವಸರ ಮಾಡುವುದರಿಂದ ಲಾಭವಿಲ್ಲ. ಬರೀ ಹೊಸ ನೀರನ್ನೇ ವಾರಕ್ಕೆ 10%ರಂತೆ ಹಾಕಿದರೂ ಏಳು ವಾರದ ಕೊನೆಗೆ ಟ್ಯಾಂಕಿನಲ್ಲಿ ಹೆಚ್ಚುಕಡಿಮೆ ಅರ್ಧ ಹಳೆಯ ನೀರೇ ಇರುತ್ತದೆ. ಈ ನಿಧಾನವೇ ಹವಳಗಳಿಗೂ ಬಂಡೆಯ ಮೇಲಿನ ಬ್ಯಾಕ್ಟೀರಿಯಾಗಳಿಗೂ ಹೊಂದಿಕೊಳ್ಳಲು ಕೊಡುವ ಸಮಯ.

ನೀರು ತೆಗೆಯುವಾಗ ಮರಳನ್ನು ಕೆದಕಬೇಡಿ. ಹೊಸ ನೀರಿನ ಉಷ್ಣತೆ, ಲವಣಾಂಶ ಟ್ಯಾಂಕಿನದಕ್ಕೆ ಸರಿಹೊಂದಿರಲಿ. ಮರುದಿನ ಆಲ್ಕಲಿನಿಟಿ ಅಳೆಯಿರಿ. ನಿಮ್ಮ ಲೆಕ್ಕಕ್ಕೂ ಕಿಟ್ ತೋರಿಸುವುದಕ್ಕೂ 0.5ಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಕಾರಣ ಸಿಗುವವರೆಗೆ ಮುಂದಿನ ಬದಲಾವಣೆ ಬೇಡ.

ಹಂತ 6: ಎಚ್ಚರಿಕೆಯ ಲಕ್ಷಣಗಳು

ಫಾಸ್ಫೇಟ್ ವಾರದಿಂದ ವಾರಕ್ಕೆ ಇಳಿದು ಸೊನ್ನೆ ಮುಟ್ಟುವುದು. ಬಸವನಹುಳುಗಳು ಗಾಜಿನಿಂದ ಬಿದ್ದು ಮಗುಚಿಕೊಳ್ಳುವುದು, ಸಾಯುವುದು. ಮಧ್ಯಾಹ್ನ ಕಂದಾಗಿ ಕಾಣುವ ಮರಳು ಬೆಳಗ್ಗೆ ಲೈಟ್ ಹಾಕುವ ಮೊದಲು ಶುಭ್ರವಾಗಿ ಕಾಣುವುದು. ಹವಳಗಳು ಅರಳುವುದು ಕಡಿಮೆಯಾಗುವುದು. ಇವುಗಳಲ್ಲಿ ಯಾವುದು ಕಂಡರೂ ನೀರು ಬದಲಿಸುವುದನ್ನು ನಿಲ್ಲಿಸಿ, ಮುಂದಿನ ಹಂತಕ್ಕೆ ಬನ್ನಿ.

ಗಾಜಿನ ಮೇಲೆ ತೆಳು ಕಂದು ಪುಡಿ ಮಾತ್ರ ಇದ್ದು, ಬಸವನಹುಳುಗಳು ಅದನ್ನು ತಿನ್ನುತ್ತಿದ್ದರೆ ಏನೂ ಮಾಡಬೇಡಿ.

ಹಂತ 7: ಎದ್ದದ್ದು ಯಾವುದೆಂದು ಗುರುತಿಸಿ, ಆಮೇಲೆ ಮದ್ದು

ಡಯಾಟಮ್ (ಸಿಲಿಕಾ ಚಿಪ್ಪಿನ ಸೂಕ್ಷ್ಮ ಪಾಚಿ), ಸಯನೋ (ಸಯನೋಬ್ಯಾಕ್ಟೀರಿಯಾ), ಡೈನೋ ಮೂರೂ ಫೋಟೋದಲ್ಲಿ ಒಂದೇ ಥರ ಕಾಣಬಹುದು, ಮದ್ದು ಮಾತ್ರ ಒಂದಕ್ಕೊಂದು ವಿರುದ್ಧ. ಇಲ್ಲಿ ಒಂದು ದಿನ ಹೆಚ್ಚು ಖರ್ಚಾದರೂ ಪರವಾಗಿಲ್ಲ.

ಬೆರಳಿನಿಂದ ಸವರಿದರೆ ಪುಡಿಯಾಗಿ ಹೋಗುವುದು ಡಯಾಟಮ್. ಕೆಂಪು ಅಥವಾ ನೇರಳೆ ಹಾಸಿನಂತೆ ಹರಡಿ, ಎಳೆದರೆ ಹಾಳೆಯಂತೆ ಏಳುವುದು ಸಯನೋ. ಎಳೆ ಎಳೆಯಾಗಿ ಜೋಲುವ, ತುದಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಂಡ, ಮೂಗಿನ ಸಿಂಬಳದಂಥ ಕಂದು ಲೋಳೆ ಬಹುಮಟ್ಟಿಗೆ ಡೈನೋ.

ಖಚಿತ ಮಾಡಿಕೊಳ್ಳಲು ಮನೆಯಲ್ಲೇ ಒಂದು ಪರೀಕ್ಷೆ ಇದೆ. ಸ್ವಲ್ಪ ಲೋಳೆಯನ್ನು ಟ್ಯಾಂಕ್ ನೀರಿನ ಜೊತೆ ಬಾಟಲಿಗೆ ತೆಗೆದು ಬಲವಾಗಿ ಕುಲುಕಿ. ಪೇಪರ್ ಕಾಫಿ ಫಿಲ್ಟರಿನಲ್ಲಿ ಸೋಸಿ, ಸೋಸಿ ಬಂದ ತಿಳಿನೀರನ್ನು ಗಾಜಿನ ಲೋಟದಲ್ಲಿ ಲೈಟಿನ ಕೆಳಗೆ ಇಡಿ. ಸುಮಾರು ಒಂದು ಗಂಟೆಯೊಳಗೆ ನೀರಿನಲ್ಲಿ ಮತ್ತೆ ಎಳೆಗಳು ಕೂಡಿಕೊಂಡರೆ ಅದು ಡೈನೋ. ಒಂಟಿ ಜೀವಕೋಶಗಳು ಕಾಗದ ದಾಟಿ ಬಂದು ಮತ್ತೆ ಗುಂಪುಗೂಡುತ್ತವೆ.

ಯಾವ ಡೈನೋ ಎಂಬುದಕ್ಕೆ 400 ಪಟ್ಟು ದೊಡ್ಡದು ಮಾಡುವ ಸೂಕ್ಷ್ಮದರ್ಶಕ ಬೇಕು. ಯಾವುದೇ ಪಿಯು ಅಥವಾ ಡಿಗ್ರಿ ಕಾಲೇಜಿನ ಜೀವಶಾಸ್ತ್ರ ಪ್ರಯೋಗಾಲಯದಲ್ಲಿ ಅದು ಇರುತ್ತದೆ. ಪರಿಚಯದ ಮೇಷ್ಟ್ರನ್ನು ಕೇಳಿ. ಕಾರವಾರದವರಿಗೆ ಕೋಡಿಬಾಗದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವವಿಜ್ಞಾನ ವಿಭಾಗವೇ ಇದೆ. ಹನಿಯಾಕಾರದಲ್ಲಿದ್ದು, ದಾರಕ್ಕೆ ಕಟ್ಟಿದಂತೆ ಒಂದೇ ಬಿಂದುವಿನ ಸುತ್ತ ತಿರುಗುವುದು ಆಸ್ಟ್ರಿಯೋಪ್ಸಿಸ್. ಮೊಟ್ಟೆಯಾಕಾರ, ತುದಿಯಲ್ಲಿ ಪುಟ್ಟ ಮೂತಿ, ಜಾರುತ್ತ ಹೋಗುವುದು ಆಂಫಿಡಿನಿಯಂ.

ಬಾಯಲ್ಲಿ ಪೈಪ್ ಎಳೆದು ನೀರು ತೆಗೆಯುವ ಅಭ್ಯಾಸ ಇದ್ದರೆ ಇವತ್ತೇ ಬಿಡಿ. ಆಸ್ಟ್ರಿಯೋಪ್ಸಿಸ್ ಪಾಲಿಟಾಕ್ಸಿನ್ ಬಗೆಯ ವಿಷ ಉತ್ಪಾದಿಸಬಲ್ಲದು. ಕೆಲವು ಜೊವಾಂಥಿಡ್ ಹವಳಗಳಲ್ಲೂ ಅದೇ ವಿಷ ಇರುತ್ತದೆ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಮಕ್ಕಳನ್ನು ದೂರ ಇಡಿ.

ಹಂತ 8: ಡೈನೋ ಆಗಿದ್ದರೆ

ಈ ಕ್ರಮ ತಪ್ಪಿಸಬೇಡಿ. ಮೊದಲು ನೀರು ಬದಲಿಸುವುದು ಪೂರ್ತಿ ಬಂದ್, ಆರಿದಷ್ಟು ಆರ್‌ಒ-ಡಿಐ ನೀರು ಮಾತ್ರ. ಫಾಸ್ಫೇಟ್ ಮೀಡಿಯಾ ತೆಗೆಯಿರಿ, ಬ್ಯಾಕ್ಟೀರಿಯಾ ಬೆಳೆಸಲು ಹಾಕುವ ವೋಡ್ಕಾ, ವಿನೆಗರ್ ಥರದ ಇಂಗಾಲದ ಡೋಸಿಂಗ್ ನಿಲ್ಲಿಸಿ.

ಎರಡನೆಯದು, ಪೋಷಕಾಂಶ ಏರಿಸುವುದು. ನೈಟ್ರೇಟ್ 5ರಿಂದ 10, ಫಾಸ್ಫೇಟ್ 0.05ರಿಂದ 0.1 ಪಿಪಿಎಂ. ಶುದ್ಧ ಪೊಟ್ಯಾಸಿಯಂ ನೈಟ್ರೇಟ್ 100 ಲೀಟರಿಗೆ 0.16 ಗ್ರಾಂ ಹಾಕಿದರೆ ನೈಟ್ರೇಟ್ 1 ಪಿಪಿಎಂ ಏರುತ್ತದೆ. ತೋಟಕ್ಕೆ ತಂದಿಟ್ಟ 19:19:19 ಗೊಬ್ಬರ ಖಂಡಿತ ಬೇಡ. ಅದರಲ್ಲಿ ಅಮೋನಿಯಂ, ಯೂರಿಯಾ ರೂಪದ ಸಾರಜನಕವೂ ಇದೆ, ಮೀನು ಸಾಯುತ್ತವೆ. ಫಾಸ್ಫೇಟನ್ನು ಬಂಡೆ, ಮರಳು ಹೀರಿಕೊಳ್ಳುವುದರಿಂದ ಇವತ್ತು ಹಾಕಿದ್ದು ನಾಳೆ ಕಾಣದೇ ಇರಬಹುದು. ದಿನಾ ಅಳೆಯಿರಿ, ಮತ್ತೆ ಹಾಕಿ. ಲೋಳೆ ಇರುವಾಗ ಆಹಾರ ಹಾಕುವುದು ಮನಸ್ಸಿಗೆ ಒಗ್ಗುವುದಿಲ್ಲ, ಬಹುಪಾಲು ಜನ ಕೈಬಿಡುವುದು ಇಲ್ಲೇ. ಆದರೆ ಡೈನೋ ಜೊತೆ ಜಾಗಕ್ಕಾಗಿ ಪೈಪೋಟಿ ಮಾಡುವ ಬ್ಯಾಕ್ಟೀರಿಯಾ, ಸಾದಾ ಪಾಚಿ ಬದುಕಬೇಕಾದರೆ ಅವಕ್ಕೆ ಈ ಆಹಾರ ಬೇಕೇ ಬೇಕು. ಗಾಜಿನ ಮೇಲೆ ಹಸಿರು ಬರತೊಡಗಿದರೆ ಅದು ಒಳ್ಳೆಯ ಸುದ್ದಿ.

ಮೂರನೆಯದು, ಲೋಳೆ ಎಳೆಯುವುದು. ಮಧ್ಯಾಹ್ನದ ನಂತರ, ಅದು ದಟ್ಟವಾಗಿರುವಾಗ, ಸಣ್ಣ ಪೈಪಿನಿಂದ ಹೀರಿ 10 ಮೈಕ್ರಾನಿನ ಫಿಲ್ಟರ್ ಚೀಲದಲ್ಲಿ ಸೋಸಿ, ಅದೇ ನೀರನ್ನು ಟ್ಯಾಂಕಿಗೆ ಬಿಡಿ. ವಿಷ ಹೀರಲು ಆಕ್ಟಿವೇಟೆಡ್ ಕಾರ್ಬನ್ ಇಡಿ.

ನಾಲ್ಕನೆಯದು ಜಾತಿಯನ್ನು ಅವಲಂಬಿಸಿದ್ದು. ಆಸ್ಟ್ರಿಯೋಪ್ಸಿಸ್ ರಾತ್ರಿ ನೀರಿನಲ್ಲಿ ತೇಲುತ್ತದೆ, ಆದ್ದರಿಂದ ಯುವಿ ದೀಪಕ್ಕೆ ಸಿಗುತ್ತದೆ. ಯುವಿಯನ್ನು ಸಂಪಿನಲ್ಲಿ (ಟ್ಯಾಂಕಿನ ಕೆಳಗಿನ ಸೋಸುವ ತೊಟ್ಟಿ) ಅಲ್ಲ, ಮುಖ್ಯ ಟ್ಯಾಂಕಿನ ನೀರೇ ಅದರ ಮೂಲಕ ಹರಿಯುವಂತೆ ಕೂರಿಸಿ. ಜೊತೆಗೆ ಮೂರು ದಿನ ಲೈಟ್ ಆರಿಸಿ, ಟ್ಯಾಂಕ್ ಮುಚ್ಚಿದರೆ ಫಲ ಬೇಗ, ಪಂಪ್ ಓಡುತ್ತಿರಲಿ. ಆಂಫಿಡಿನಿಯಂ ಮರಳು ಬಿಟ್ಟು ಮೇಲೇಳುವುದು ಕಡಿಮೆ, ಅದಕ್ಕೆ ಯುವಿ ದಂಡ. ಅಲ್ಲಿ ಅನುಭವಿಗಳು ಸಿಲಿಕೇಟ್ ಡೋಸ್ ಮಾಡಿ ಡಯಾಟಮ್ ಬೆಳೆಸಿ, ಮರಳಿನ ಜಾಗವನ್ನು ಅವುಗಳಿಂದ ತುಂಬಿಸುತ್ತಾರೆ. ವಾರಗಳಲ್ಲ, ತಿಂಗಳುಗಳು ಹಿಡಿಯಬಹುದು.

ಜೀವವೈವಿಧ್ಯ ಹೆಚ್ಚಿಸಲು ಸ್ನೇಹಿತರ ಆರೋಗ್ಯವಂತ ಹಳೆಯ ಟ್ಯಾಂಕಿನಿಂದ ಒಂದು ಹಿಡಿ ಮರಳು ತನ್ನಿ. ಮುರ್ಡೇಶ್ವರದ ನೇತ್ರಾಣಿಯಿಂದಲೋ ಬೇರೆ ನಡುಗಡ್ಡೆಯಿಂದಲೋ ಬಂಡೆ, ಹವಳ ಎತ್ತಿ ತರಬೇಡಿ. ಬಂಡೆ ಕಟ್ಟುವ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿವೆ, ಹುಲಿಗೆ ಇರುವ ರಕ್ಷಣೆಯೇ ಅವಕ್ಕೂ ಇದೆ. ಅಲ್ಲಿನ ಹವಳ ಅಲ್ಲೇ ಬದುಕಲಿ.

ಹಂತ 9: ಸಯನೋ, ಡಯಾಟಮ್, ಕೂದಲು ಪಾಚಿ

ಸಯನೋ ಹಾಸನ್ನು ಹೀರಿ ತೆಗೆಯಿರಿ, ಆ ಮೂಲೆಗೆ ನೀರಿನ ಓಟ ಹೆಚ್ಚಿಸಿ, ಬಂಡೆಯ ಹಿಂದೆ ಕೂತ ಕಸ ತೆಗೆಯಿರಿ. ನೈಟ್ರೇಟ್ ಸೊನ್ನೆ, ಫಾಸ್ಫೇಟ್ ಮಾತ್ರ ಹೆಚ್ಚು ಎಂಬ ಅಸಮತೋಲ ಇದ್ದರೆ ಅದನ್ನು ಸರಿಪಡಿಸಿ. ಔಷಧ ಅಂಗಡಿಯ ಆಂಟಿಬಯೋಟಿಕ್ ಹಾಕಬೇಡಿ.

ಡಯಾಟಮ್‌ಗೆ ಡಿಐ ರೆಸಿನ್ ಬದಲಿಸುವುದೇ ಮದ್ದು.

ಕೂದಲು ಪಾಚಿಯಲ್ಲಿ ಒಂದು ಮೋಸವಿದೆ: ಪಾಚಿ ದಟ್ಟವಾಗಿದ್ದರೂ ಕಿಟ್ ಸೊನ್ನೆ ತೋರಿಸಬಹುದು, ಪೋಷಕಾಂಶವನ್ನೆಲ್ಲ ಪಾಚಿಯೇ ಹೀರಿರುತ್ತದೆ. ಕೈಯಿಂದ ಕಿತ್ತು ತೆಗೆಯುತ್ತ, ಆಹಾರ ಸ್ವಲ್ಪ ತಗ್ಗಿಸಿ. ಫಾಸ್ಫೇಟ್ ಮೀಡಿಯಾವನ್ನು ಹೇಳಿದ ಪ್ರಮಾಣದ ಕಾಲು ಭಾಗದಿಂದ ಶುರು ಮಾಡಿ. ಪೂರ್ತಿ ಹಾಕಿ ಫಾಸ್ಫೇಟನ್ನು ಒಮ್ಮೆಲೇ ಕೆಡವಿದರೆ ಪಾಚಿ ಹೋದ ಜಾಗಕ್ಕೆ ಡೈನೋ ಬರುತ್ತದೆ.

ಹಂತ 10: ನೀರು ಬದಲಾವಣೆಗೆ ಮರಳುವುದು

ಮೂರು ವಾರ ಲೋಳೆ ಕಾಣದೆ, ಹೊಸದಾಗಿ ಏನನ್ನೂ ಹಾಕದೆ ಫಾಸ್ಫೇಟ್ 0.03ಕ್ಕಿಂತ ಮೇಲೆ ನಿಂತಿದ್ದರೆ ಮಾತ್ರ 5%ರಿಂದ ಮತ್ತೆ ಶುರು ಮಾಡಿ. ಹೊಸ ನೀರಿನಲ್ಲಿ ನೈಟ್ರೇಟ್, ಫಾಸ್ಫೇಟ್ ಇರುವುದಿಲ್ಲ. ಮೊದಲ ಕೆಲವು ಸಲ ಕಲಸಿದ ನೀರಿಗೇ ಅವೆರಡನ್ನೂ ಟ್ಯಾಂಕಿನಲ್ಲಿರುವಷ್ಟು ಸೇರಿಸಿ ಹಾಕಿ. ಮರುದಿನ ಮಧ್ಯಾಹ್ನ ಮರಳನ್ನು ನೋಡಿ. ಕಂದು ಮತ್ತೆ ಕಂಡರೆ ಇನ್ನೂ ಎರಡು ವಾರ ತಡೆಯಿರಿ, ಇಲ್ಲದಿದ್ದರೆ ನಾಲ್ಕನೇ ವಾರಕ್ಕೆ 10%ಕ್ಕೆ ಹೋಗಬಹುದು. ಉಪ್ಪಿನ ಪ್ರತಿ ಹೊಸ ಡಬ್ಬಿಯನ್ನೂ, ಅದೇ ಬ್ರಾಂಡ್ ಆಗಿದ್ದರೂ, ಕಲಸಿ ಅಳೆದೇ ಬಳಸಿ. ಡಬ್ಬಿಯ ಬ್ಯಾಚ್ ನಂಬರನ್ನು ನೋಟ್‌ಬುಕ್ಕಿನಲ್ಲಿ ಬರೆಯಿರಿ.